ಇಂಗ್ಲಿಷ್ ಮೇಷ್ಟ್ರ ಮೌನವ್ರತ

ಮಾದಪ್ಪನನ್ನು ಅಷ್ಟು ಜೋರಾಗಿ ಕೂಗುವ ಅಗತ್ಯವೇನೂ ಇರಲಿಲ್ಲ. ಅಮಾವಾಸ್ಯೆಯ ದಿನ ಮಲೆ ಮಹದೇಶ್ವರ ಬೆಟ್ಟದಲ್ಲಿ ಸಾವಿರಾರು ಜನ ಕೂಗುತ್ತಾರೆ. ಅವರ ನಡುವೆ ಒಬ್ಬ ಮೇಷ್ಟ್ರು ಸ್ವಲ್ಪ ಮೆಲ್ಲಗೆ ಕೂಗಿದ್ದರೆ ದೇವರೇನೂ ಹಾಜರಿ ಪುಸ್ತಕ ಹಿಡಿದು ಗೈರು ಹಾಕುತ್ತಿರಲಿಲ್ಲ. ಆದರೆ ಗುರುಪಾದಸ್ವಾಮಿಯವರು ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದವರು. ಕೊನೆಯ ಬೆಂಚಿಗೆ ಕೇಳದ ಮಾತು ಮಾತೇ ಅಲ್ಲ ಎಂಬುದು ಅವರ ನಂಬಿಕೆ. ದೇವರು ಗರ್ಭಗುಡಿಯಲ್ಲಿ, ತಾವು ಸಾಲಿನ ತುದಿಯಲ್ಲಿ. ಹಾಗಾಗಿ ಗಂಟಲನ್ನು ಪೂರ್ತಿ ತೆರೆದೇ "ಉಘೇ ಮಾದಪ್ಪಾ, ಉಘೇ!" ಎಂದು ಕೂಗಿದರು. ಮುಂದಿದ್ದ ಮುದುಕಪ್ಪ ಒಬ್ಬ ಕಿವಿ ಮುಚ್ಚಿಕೊಂಡು ತಿರುಗಿ ನೋಡಿದ.

ಮರುದಿನ ಬೆಳಿಗ್ಗೆ ಕೊಳ್ಳೇಗಾಲದ ಮನೆಯಲ್ಲಿ ಎದ್ದು ಹೆಂಡತಿಯನ್ನು ಕರೆದಾಗ ಗಂಟಲಿನಿಂದ ಬರೀ ಗಾಳಿ ಬಂತು.

"ಏನ್ರೀ ಅದು, ಬೆಕ್ಕು ಸೀನ್ದಂಗೆ?" ಎಂದು ಲಕ್ಷ್ಮಿದೇವಿ ಅಡುಗೆಮನೆಯಿಂದಲೇ ಕೇಳಿದರು.

ಸ್ವಾಮಿಯವರು ಗಂಟಲು ತೋರಿಸಿದರು, ತಲೆಯಾಡಿಸಿದರು, ಕಣ್ಣಲ್ಲೇ ಗೋಳಾಡಿದರು. ಬೇರೆ ಯಾವ ದಿನ ದನಿ ಹೋಗಿದ್ದರೂ ಒಂದು ರಜೆ ಚೀಟಿ ಬರೆದು ಮಲಗಿಬಿಡಬಹುದಿತ್ತು. ಇವತ್ತು ಮಾತ್ರ ಹಾಗೆ ಮಾಡುವಂತಿರಲಿಲ್ಲ. ಕೊಳ್ಳೇಗಾಲದ ತರಬೇತಿ ಕೇಂದ್ರಕ್ಕೆ ಇಂಗ್ಲಿಷ್ ಮೇಷ್ಟ್ರುಗಳಿಗೆ ತರಬೇತಿ ಕೊಡುವ ಒಬ್ಬರು ಬೇಕಾಗಿದ್ದರು. ಪಟ್ಟಿಯಲ್ಲಿ ಉಳಿದವರು ಇಬ್ಬರೇ, ಒಬ್ಬರು ಯಳಂದೂರಿನ ಕಡೆಯ ಮೇಷ್ಟ್ರು, ಇನ್ನೊಬ್ಬರು ಇವರು. ಮೈಸೂರಿನಿಂದ ಒಬ್ಬ ಮೇಡಂ ಬಂದು ಇಬ್ಬರ ತರಗತಿಯಲ್ಲೂ ಕೂತು, ಮೇಷ್ಟ್ರು ಮಕ್ಕಳೊಂದಿಗೆ ಹೇಗೆ ಮಾತಾಡುತ್ತಾರೆ ಎಂದು ನೋಡಿ, ಒಬ್ಬರನ್ನು ಆರಿಸುವವರಿದ್ದರು. ಇವರ ಸರದಿ ಇವತ್ತು. ಆ ಕೆಲಸ ಸಿಕ್ಕಿದರೆ ಮನೆಯಿಂದ ಚಪ್ಪಲಿ ಮೆಟ್ಟಿಕೊಂಡು ನಡೆದು ಹೋಗಿಬರಬಹುದು. ಹನೂರು, ಅಜ್ಜೀಪುರ ದಾಟಿ ಎಲಚಿಪಾಳ್ಯದ ಶಾಲೆಯವರೆಗೆ ದಿನಾ ಬಸ್ಸಿನಲ್ಲಿ ಕುಲುಕಿ ಕುಲುಕಿ ಸ್ವಾಮಿಯವರ ಸೊಂಟ ಹಳೇ ಮಗ್ಗದ ಹಾಗೆ ಸದ್ದು ಮಾಡತೊಡಗಿತ್ತು. ಬೆಟ್ಟಕ್ಕೆ ಹೋಗಿ ಕೂಗಿದ್ದೂ ಆ ಕೆಲಸಕ್ಕಾಗಿಯೇ.

ಲಕ್ಷ್ಮಿದೇವಿ ಮೆಣಸಿನ ಕಷಾಯ ಕುಡಿಸಿದರು. ಪಕ್ಕದ ಮನೆಯಲ್ಲಿ ರೇಷ್ಮೆ ಸೀರೆ ನೇಯುವ ಮುದ್ದಯ್ಯ, ಕರೆಯದೆಯೇ ಕಾಂಪೌಂಡಿನ ಮೇಲಿಂದ ತಲೆ ಹಾಕಿದ.

"ಸ್ವಾಮ್ಯೋರೆ, ಈ ವೀಳ್ಯದೆಲೇಲಿ ಕಲ್ಲುಪ್ಪು, ಲವಂಗ ಇಟ್ಟಿವ್ನಿ. ಅಗೀರಿ. ಉಗೀಬ್ಯಾಡಿ, ನುಂಗಿ."

ನುಂಗಿದರು. ಕಷಾಯದ ಮೇಲೆ ಉಪ್ಪು, ಉಪ್ಪಿನ ಮೇಲೆ ಲವಂಗ. ಮುಂಚೆ ಪಿಸುಗುಟ್ಟುವಷ್ಟಾದರೂ ಬರುತ್ತಿದ್ದ ದನಿ ಈಗ ಅರ್ಧಕ್ಕೆ ಇಳಿಯಿತು.

ಬಸ್ಸಿನಲ್ಲಿ ಇನ್ನೊಂದು ಕತೆ. ದಿನಾ ಕಾಣುವ ಕಂಡಕ್ಟರ್ "ಏನ್ ಸಾ ಇವತ್ತು ಮಾತೇ ಇಲ್ಲ?" ಎಂದು ಕೇಳಿ, ಗಂಟಲು ಕಟ್ಟಿದ ಸಂಗತಿಯನ್ನು ಇಡೀ ಬಸ್ಸಿಗೆ ಸಾರಿದ. ಹಿಂದಿನ ಸೀಟಿನ ಒಬ್ಬ ಅಜ್ಜಿ, ಬೆಟ್ಟದಲ್ಲಿ ಕೂಗಿ ಹೀಗಾಯಿತೆಂದು ತಿಳಿದದ್ದೇ ತಡ, ಕೈ ಮುಗಿದು ಹೇಳಿದಳು: "ಎದ್ರುಕೋಬ್ಯಾಡಿ ಮೇಷ್ಟ್ರೇ. ಮಾದಪ್ಪ ನಿಮ್ಮ ದನೀನೇ ಕಾಣಿಕೆ ಅಂತ ತಕಂಡವ್ನೆ. ನೀವ್ ಕೇಳ್ದುದ್ದ ಕೊಟ್ಟೇ ಕೊಡ್ತಾನೆ ಬುಡಿ." ದನಿ ಇಲ್ಲದೆ ಆ ಕೆಲಸ ಸಿಗುವುದಾದರೂ ಹೇಗೆ ಎಂದು ಕೇಳಲು ಸ್ವಾಮಿಯವರಿಗೆ ದನಿ ಇರಲಿಲ್ಲ.

ಎಲಚಿಪಾಳ್ಯದ ಶಾಲೆಯಲ್ಲಿ ಹೆಡ್‌ಮಾಸ್ಟರ್ ಸದಾಶಿವಪ್ಪನವರು ಗೇಟಿನಲ್ಲೇ ಕಾದಿದ್ದರು. ಹೊಸ ಶರ್ಟು, ಹಣೆಯಲ್ಲಿ ದಪ್ಪ ವಿಭೂತಿ. ವಿಷಯ ತಿಳಿದು ತಲೆಯ ಮೇಲೆ ಕೈ ಹೊತ್ತರು.

"ಏನ್ ಸ್ವಾಮಿಗಳೇ ಇದು! ಪರೀಕ್ಷೆ ದಿನಾನೇ ಪೆನ್ನು ಮರೆತು ಬಂದಂಗಾಯ್ತಲ್ಲ! ಮೇಡಂಗೆ ಗಂಟ್ಲು ಕೆಟ್ಟದೆ ಅಂತ ಹೇಳಂಗಿಲ್ಲ. ಹೇಳಿದ್ರೆ ಇನ್ನೊಂದ್ ದಿನ ಬರ್ತೀನಿ ಅಂತ ಹೊರಟೋಯ್ತಾರೆ. ಯಳಂದೂರಿನವನಿಗೆ ಆರ್ಡರ್ ಆಗೋಯ್ತದೆ. ಚಿಕ್ಕಬಸಮ್ಮಾ! ಏ ಚಿಕ್ಕಬಸಮ್ಮಾ!"

ಬಿಸಿಯೂಟದ ಅಡುಗೆಯ ಚಿಕ್ಕಬಸಮ್ಮ ಸೆರಗಿಗೆ ಕೈ ಒರೆಸಿಕೊಂಡು ಓಡಿಬಂದಳು. ಸ್ವಾಮಿಯವರ ಬಾಯಿ ತೆರೆಸಿ, ಒಲೆಗೆ ಇಣುಕುವಂತೆ ಇಣುಕಿ ನೋಡಿದಳು.

"ಕೆಂಪಗಾಗದೆ ಸಾ. ಸುಂಟಿ ಕುಟ್ಟಿ ಕಾಯ್ಸಿಕೊಡ್ತೀನಿ, ಬಿಸಿಬಿಸಿ ಕುಡುದ್ಬುಡಿ. ಮಾತು ಪಟಪಟ ಅಂತ ಬತ್ತದೆ."

ಬಿಸಿಬಿಸಿ ಎಂದದ್ದನ್ನು ಆಕೆ ಮನಸಾರೆ ಪಾಲಿಸಿದ್ದಳು. ಒಂದೇ ಗುಟುಕಿಗೆ ನಾಲಿಗೆಯೂ ಸುಟ್ಟಿತು, ಉಳಿದಿದ್ದ ಅರ್ಧ ಪಿಸುಮಾತೂ ಹೋಯಿತು. ಅದೇ ಹೊತ್ತಿಗೆ ಗೇಟಿನಲ್ಲಿ ಜೀಪು ನಿಂತಿತು.

ಶೃತಿ ಮೇಡಂ ಚಿಕ್ಕ ವಯಸ್ಸಿನವರು. ಹತ್ತಿ ಸೀರೆ, ಹೆಗಲಿಗೊಂದು ಚೀಲ, ನಗುಮುಖ. ಕೆಳಗಿಳಿದವರೇ "ನಮಸ್ಕಾರ ಸರ್, ನೀವೇ ಅಲ್ವಾ ಗುರುಪಾದಸ್ವಾಮಿ? ಪ್ರಯಾಣ ಎಲ್ಲ ಹೇಗೆ ದಿನಾ?" ಎಂದರು. ಸ್ವಾಮಿಯವರು ಕೈ ಮುಗಿದು ನಕ್ಕರು. ಮತ್ತೂ ನಕ್ಕರು. ಮೇಡಂ ಉತ್ತರಕ್ಕೆ ಕಾದರು.

ಸದಾಶಿವಪ್ಪನವರು ನಡುವೆ ನುಗ್ಗಿದರು. "ಇವತ್ತು ಅವರಿಗೆ ಮೌನವ್ರತ ಮೇಡಂ! ಮಾದಪ್ಪನ ಹೆಸರಲ್ಲಿ. ಅಮಾವಾಸ್ಯೆ ಮಾರನೇ ದಿನ ಬಾಯೇ ಬಿಡಲ್ಲ."

"ಮತ್ತೆ ಪಾಠ?"

"ಪಾಠಕ್ಕೆ ಮೇಷ್ಟ್ರು ಮಾತಾಡಲೇಬೇಕಾ ಮೇಡಂ?" ಎಂದುಬಿಟ್ಟರು ಸದಾಶಿವಪ್ಪ. ಬಾಯಿಗೆ ಬಂದದ್ದನ್ನು ಹೇಳಿದ್ದರು, ಅಷ್ಟೆ. ಆದರೆ ಮೇಡಂ ಅವರ ಕಣ್ಣು ಅರಳಿತು. ಚೀಲದಿಂದ ಮೊಬೈಲು ತೆಗೆದು, "ನಾವು ಅಳೆಯೋದೂ ಅದನ್ನೇ ಸರ್. ಮೇಷ್ಟ್ರು ಎಷ್ಟು ಹೊತ್ತು ಮಾತಾಡ್ತಾರೆ, ಮಕ್ಕಳು ಎಷ್ಟು ಹೊತ್ತು ಮಾತಾಡ್ತಾರೆ ಅಂತ. ಎಲ್ಲಾ ಕಡೆ ಮೇಷ್ಟ್ರದೇ ಮಾತು. ನೋಡೋಣ ನಡೀರಿ," ಎಂದರು.

ಇದನ್ನು ಕೇಳಿ ಸ್ವಾಮಿಯವರಿಗೆ ಬೆವರಿಳಿಯಿತು. ಅವರ ಪಾಠದ ರೀತಿ ಇಡೀ ಎಲಚಿಪಾಳ್ಯಕ್ಕೆ ಗೊತ್ತು. ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳುತ್ತಾರೆ, ಕನ್ನಡದಲ್ಲಿ ಅದನ್ನೇ ಹೇಳುತ್ತಾರೆ, ಪ್ರಶ್ನೆಯನ್ನೂ ತಾವೇ ಕೇಳುತ್ತಾರೆ, ಮಕ್ಕಳು ಬಾಯಿ ತೆರೆಯುವ ಮೊದಲೇ ಉತ್ತರವನ್ನೂ ತಾವೇ ಹೇಳುತ್ತಾರೆ. ಮಕ್ಕಳ ಪಾಲಿಗೆ ಬಿಡುವುದು ಕೊನೆಯ ಅಕ್ಷರವನ್ನು ಮಾತ್ರ. "ದಿ ಸನ್ ರೈಸಸ್ ಇನ್ ದಿ ಈ...?" ಎಂದು ಅವರು ನಿಲ್ಲಿಸಿದರೆ ಇಡೀ ತರಗತಿ "ಸ್ಟ್!" ಎಂದು ಕೂಗಬೇಕು. ಹೀಗೆ ಇಪ್ಪತ್ತು ವರ್ಷದಿಂದ ಮಕ್ಕಳು ವಾಕ್ಯಗಳ ಬಾಲವನ್ನಷ್ಟೇ ಹೇಳುತ್ತ ಬಂದಿದ್ದರು. ತಲೆ, ಹೊಟ್ಟೆ, ಕಾಲು ಎಲ್ಲ ಸ್ವಾಮಿಯವರವೇ.

ಒಂಬತ್ತನೇ ತರಗತಿ ಎದ್ದು ನಿಂತು "ಗುಡ್ ಮಾರ್ನಿಂಗ್ ಸಾ" ಎಂದು ರಾಗ ಎಳೆಯಿತು. ಮೇಡಂ ಹಿಂದಿನ ಬೆಂಚಿನಲ್ಲಿ ಕೂತರು. ಹೆಡ್‌ಮಾಸ್ಟರ್ ಬಾಗಿಲಲ್ಲಿ ದ್ವಾರಪಾಲಕರಂತೆ ನಿಂತರು. ಸ್ವಾಮಿಯವರು ಬೋರ್ಡಿನ ಕಡೆ ತಿರುಗಿದರು. ಹಿಂದೊಮ್ಮೆ ಯಾವುದೋ ತರಬೇತಿಯಲ್ಲಿ ಅರ್ಧ ನಿದ್ದೆಯಲ್ಲಿ ಕೇಳಿದ್ದು ನೆನಪಾಯಿತು. ಬೇರೆ ದಾರಿ ಕಾಣದೆ ಚಾಕ್‌ಪೀಸ್ ಹಿಡಿದು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದರು: ಇವತ್ತು ನೀವೇ ಟೀಚರ್. ಒಬ್ಬೊಬ್ಬರೇ ಬಂದು ಇಂಗ್ಲಿಷಿನಲ್ಲಿ ಪಾಠ ಮಾಡಿ. ಬರೆದು, ಕೈಕಟ್ಟಿಕೊಂಡು ಕಿಟಕಿಯ ಪಕ್ಕ ಸರಿದು ನಿಂತರು.

ಇದು ಬೈಗುಳದ ಹೊಸ ಬಗೆಯೋ ಏನೋ ಎಂದು ಮಕ್ಕಳು ಮುಖ ಮುಖ ನೋಡಿಕೊಂಡರು. ಕೊನೆಗೆ ಕ್ಲಾಸ್ ಲೀಡರ್ ಮಾದೇಶ್ ಎದ್ದ. ಮೇಜಿನ ಹತ್ತಿರ ಬಂದು, ಪ್ಯಾಂಟನ್ನು ಎರಡೂ ಕೈಯಲ್ಲಿ ಮೇಲೆಳೆದುಕೊಂಡ. ಇಲ್ಲದ ಕನ್ನಡಕ ತೆಗೆದು, ಇಲ್ಲದ ಕರ್ಚೀಫಿನಲ್ಲಿ ಒರೆಸಿ, ಮತ್ತೆ ಮೂಗಿಗೇರಿಸಿದ. ಯಾರ ನಕಲು ಮಾಡುತ್ತಿದ್ದಾನೆ ಇವನು ಎಂದು ಸ್ವಾಮಿಯವರು ಯೋಚಿಸುವಷ್ಟರಲ್ಲಿ ಅವನು ಮೇಜು ಕುಟ್ಟಿದ.

"ಸೈಲೆನ್ಸ್! ಈಸ್ ದಿಸ್ ಕ್ಲಾಸ್ ರೂಮ್ ಆರ್ ಕೊಳ್ಳೇಗಾಲ ಬಸ್‌ಸ್ಟ್ಯಾಂಡ್?"

"ಕ್ಲಾಸ್ ರೂಮ್ ಸಾ!" ಎಂದಿತು ತರಗತಿ, ಹುರುಪಿನಿಂದ.

"ಓಪನ್ ದಿ ಬುಕ್! ವೇರ್ ಈಸ್ ಯುವರ್ ಬುಕ್? ನೋ ಬುಕ್? ಡಿಡ್ ಯೂ ಈಟ್ ದಿ ಬುಕ್ ವಿತ್ ಸಾಂಬಾರ್? ಸ್ಟ್ಯಾಂಡ್ ಅಪ್! ಯೂ ಆಲ್ಸೋ ಸ್ಟ್ಯಾಂಡ್ ಅಪ್! ವೈ ಲಾಫಿಂಗ್? ಹೋಲ್ ಬೆಂಚ್ ಸ್ಟ್ಯಾಂಡ್ ಅಪ್!"

ಒಂದು ಬೆಂಚು ಪೂರ್ತಿ ಎದ್ದು ನಿಂತಿತು.

"ಅಂಡರ್‌ಸ್ಟ್ಯಾಂಡ್?"

"ಯಸ್ ಸಾ!"

"ವಾಟ್ ಅಂಡರ್‌ಸ್ಟ್ಯಾಂಡ್?"

ಮಾದೇಶ್ ನಿಟ್ಟುಸಿರು ಬಿಟ್ಟು, ಕಿಟಕಿಯಾಚೆ ನೋಡುತ್ತ, ಥೇಟ್ ಸ್ವಾಮಿಯವರ ದನಿಯಲ್ಲಿ ಹೇಳಿದ: "ಐ ನೋ. ಟ್ವೆಂಟಿ ಇಯರ್ಸ್ ಐ ಆಮ್ ಸೀಯಿಂಗ್ ಸೇಮ್ ಫೇಸ್. ಮೈ ಬ್ಯಾಡ್ ಲಕ್."

ಮೇಡಂ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಆಮೇಲೆ ಇನ್ನೊಬ್ಬ ಬಂದ, ಮತ್ತೊಬ್ಬಳು ಬಂದಳು. ಇಂಗ್ಲಿಷ್ ಬರುವುದಿಲ್ಲ ಎಂದು ಸ್ವಾಮಿಯವರು ಕೈಬಿಟ್ಟಿದ್ದ ಮಕ್ಕಳೆಲ್ಲ ನೀರು ಕುಡಿದಂತೆ ಇಂಗ್ಲಿಷ್ ಮಾತಾಡುತ್ತಿದ್ದರು. ತಪ್ಪಿತ್ತು, ಆದರೆ ತಡವರಿಕೆ ಇರಲಿಲ್ಲ. ಗೆಟ್ ಔಟ್, ಶಟ್ ಅಪ್, ವೇಸ್ಟ್ ಬಾಡಿ, ಕಾಲ್ ಯುವರ್ ಫಾದರ್. ಇಷ್ಟು ವರ್ಷ ತಾವು ಕಲಿಸಿದ್ದು ಪುಸ್ತಕದಲ್ಲಿದ್ದ ಪಾಠ ಎಂದು ಅವರು ತಿಳಿದಿದ್ದರು. ಪಾಠದ ನಡುನಡುವೆ ಬಾಯಿಗೆ ಬಂದದ್ದನ್ನಷ್ಟೇ ಮಕ್ಕಳು ಕಲಿತಿದ್ದರು. ಸ್ವಾಮಿಯವರಿಗೆ ನಿಂತ ನೆಲ ಬಿರಿಯಬಾರದೇ ಎನಿಸಿತು. ಅವರನ್ನು ಯಾರೂ ಗೇಲಿ ಮಾಡುತ್ತಿರಲಿಲ್ಲ. ಮೇಷ್ಟ್ರಾಗುವುದೆಂದರೆ ಹೀಗೇ ಎಂದು ಮಕ್ಕಳು ಶ್ರದ್ಧೆಯಿಂದ ಮಾಡುತ್ತಿದ್ದರು. ಸಂಕಟವಾದದ್ದು ಅದಕ್ಕೇ.

ಆಗ ದೀಪ ಎದ್ದಳು.

ಅವಳು ಏಳುತ್ತಾಳೆಂದು ಯಾರೂ ಎಣಿಸಿರಲಿಲ್ಲ. ಹೂಗ್ಯಂ ಕಡೆಯ ಕಾಡಂಚಿನ ಹೊಲದ ಮನೆಯ ಹುಡುಗಿ. ತರಗತಿಯಲ್ಲಿ ದಿನಾ ತೂಕಡಿಸುತ್ತಿದ್ದಳು. ಅವಳ ತಲೆಗೆ ಚಾಕ್‌ಪೀಸ್ ಎಸೆಯುವುದು ಸ್ವಾಮಿಯವರಿಗೆ ಪ್ರಾರ್ಥನೆಯಷ್ಟೇ ರೂಢಿಯಾಗಿತ್ತು. ಗುರಿ ಒಮ್ಮೆಯೂ ತಪ್ಪುತ್ತಿರಲಿಲ್ಲ. ಅವಳ ದನಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ಅವರಿಗೆ ಹೇಳಲಾಗುತ್ತಿರಲಿಲ್ಲ.

ದೀಪ ಮೇಜಿನ ಹತ್ತಿರ ಬಂದು ಒಂದು ಚಾಕ್‌ಪೀಸ್ ತೆಗೆದುಕೊಂಡಳು. ತಾನು ಎದ್ದು ಬಂದಿದ್ದ ಖಾಲಿ ಜಾಗಕ್ಕೆ ಗುರಿ ಇಟ್ಟು ಎಸೆದಳು.

"ದೀಪ! ಸ್ಟ್ಯಾಂಡ್ ಅಪ್! ವೈ ಸ್ಲೀಪಿಂಗ್? ಟೆಲ್!" ಖಾಲಿ ಜಾಗವನ್ನು ಒಂದು ಚಿಟಿಕೆಯಷ್ಟು ಹೊತ್ತು ನೋಡಿದಳು. "ನೋ ಆನ್ಸರ್? ಸಿಟ್ ಡೌನ್. ನೆಕ್ಸ್ಟ್!"

ಮಕ್ಕಳು ನಕ್ಕರು. ದೀಪ ನಗಲಿಲ್ಲ. ಅವಳು ಮತ್ತೆ ಅದನ್ನೇ ಕೇಳಿದಳು. "ದೀಪ! ವೈ ಸ್ಲೀಪಿಂಗ್? ಟೆಲ್!" ಈ ಸಲ "ನೆಕ್ಸ್ಟ್" ಎನ್ನದೆ, ಓಡಿಹೋಗಿ ತನ್ನ ಜಾಗದಲ್ಲಿ ತಾನೇ ನಿಂತಳು. ಕೈಕಟ್ಟಿದಳು. ತಡೆದು ತಡೆದು, ಒಂದೊಂದೇ ಮಾತನ್ನು ಹುಡುಕಿ ಎತ್ತಿಟ್ಟಳು.

"ಸರ್, ನೈಟ್ ಎಲಿಫೆಂಟ್ ಈಸ್ ಕಮಿಂಗ್. ಟು ಅವರ್ ರಾಗಿ. ಮೈ ಫಾದರ್ ಈಸ್ ಆನ್ ದಿ ಟ್ರೀ. ಹಿ ಈಸ್ ಬೀಟಿಂಗ್ ಟಿನ್. ಮೈ ಮದರ್ ಈಸ್ ಹೋಲ್ಡಿಂಗ್ ಟಾರ್ಚ್. ಐ ಆಮ್ ಹೋಲ್ಡಿಂಗ್ ಮೈ ಬ್ರದರ್. ಹಿ ಈಸ್ ಸ್ಮಾಲ್, ಹಿ ಈಸ್ ಕ್ರೈಯಿಂಗ್. ನೋ ಸ್ಲೀಪ್ ಸರ್. ಇನ್ ಕ್ಲಾಸ್ ಸ್ಲೀಪ್ ಈಸ್ ಕಮಿಂಗ್. ಸಾರಿ ಸರ್."

ತರಗತಿಯಲ್ಲಿ ನಗು ನಿಂತಿತ್ತು. ರಾಗಿ ಹೊಲಕ್ಕೆ ಆನೆ ಬರುವ ಮನೆ. ಅಪ್ಪ ಮರದ ಮೇಲೆ ಡಬ್ಬ ಬಡಿಯುತ್ತ ಕೂತ ರಾತ್ರಿ. ಅಳುವ ತಮ್ಮನನ್ನು ಅವುಚಿಕೊಂಡ ಹುಡುಗಿ. "ವೈ ಸ್ಲೀಪಿಂಗ್" ಎಂದು ಸ್ವಾಮಿಯವರು ವರ್ಷಪೂರ್ತಿ ಕೇಳಿದ್ದರು. ಉತ್ತರ ಅವಳ ಬಾಯಲ್ಲಿ ಸಿದ್ಧವಾಗಿತ್ತು, ಅದೂ ಇವರೇ ಕಲಿಸಬೇಕೆಂದು ಒದ್ದಾಡುತ್ತಿದ್ದ ಇಂಗ್ಲಿಷಿನಲ್ಲಿ. ಒಂದು ಸಲ, ಒಂದೇ ಒಂದು ಸಲ, ಸ್ವಲ್ಪ ಕಾದಿದ್ದರೆ ಸಾಕಿತ್ತು.

ದೀಪ ಮತ್ತೆ ಓಡಿ ಮೇಜಿನ ಹಿಂದೆ ನಿಂತಳು. ಈಗ ಅವಳು ಮೇಷ್ಟ್ರಾಗಿ ಏನಾದರೂ ಹೇಳಬೇಕಿತ್ತು. ಬಾಯಿ ತೆರೆದಳು, ಮುಚ್ಚಿದಳು. ಉತ್ತರ ಬಂದ ಮೇಲೆ ಸಾರ್ ಏನು ಹೇಳುತ್ತಾರೆ ಎಂಬುದು ಅವಳಿಗೆ ತಿಳಿಯದು. ಅವಳು ಅದನ್ನು ಯಾವತ್ತೂ ಕಂಡಿರಲಿಲ್ಲ. ಕಿಟಕಿಯ ಪಕ್ಕದಲ್ಲಿದ್ದ ಸ್ವಾಮಿಯವರ ಕಡೆ ತಿರುಗಿ, ಹೇಳಿಕೊಡಿ ಎಂಬಂತೆ ನೋಡಿದಳು. ಸ್ವಾಮಿಯವರು ಬಾಯಿ ತೆರೆದರು. ಅಷ್ಟರಲ್ಲಿ ಬೆಲ್ ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ತಮ್ಮ ಮಾನ ಹರಾಜಾಗುತ್ತದೆ ಎಂದೇ ಸ್ವಾಮಿಯವರು ತಲೆ ತಗ್ಗಿಸಿ ಕೂತರು. ವಿಚಿತ್ರವೆಂದರೆ ಬೇಜಾರಾಗುವ ಬದಲು ಹಗುರವೆನಿಸಿತು. ಕೆಲಸ ಯಳಂದೂರಿನವರಿಗೇ ಸಿಗಲಿ. ನಾಳೆ ಇದೇ ಬಸ್ಸಿನಲ್ಲಿ ಬರುತ್ತೇನೆ, ಸೊಂಟ ಹಾಳಾಗಿ ಹೋಗಲಿ. ಬಂದು, ಒಂದೊಂದೇ ಪ್ರಶ್ನೆ ಕೇಳಿ, ಬಾಯಿ ಮುಚ್ಚಿಕೊಂಡು ಕಾಯುತ್ತೇನೆ. ಮಾದೇಶ್‌ಗೆ ಕಾಯುತ್ತೇನೆ, ದೀಪಳಿಗೆ ಕಾಯುತ್ತೇನೆ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾಳೆಯ ತರಗತಿ ಯಾವಾಗ ಬರುತ್ತದೋ ಎಂದು ಅವರಿಗೆ ಆತುರವಾಗಿತ್ತು.

ಶೃತಿ ಮೇಡಂ ಒಳಗೆ ಬಂದವರೇ ಎರಡೂ ಕೈ ಜೋಡಿಸಿದರು.

"ಸರ್! ನಾನು ಎಷ್ಟೊಂದು ಶಾಲೆ ನೋಡಿದೀನಿ. ಇಡೀ ಪೀರಿಯಡ್ಡು ಮೇಷ್ಟ್ರು ಒಂದು ಮಾತೂ ಆಡದೆ ಇರೋದನ್ನ ಇವತ್ತೇ ನೋಡಿದ್ದು. ಅದರ ಮೇಲೆ ಎಂಥಾ ಐಡಿಯಾ ಸರ್! ಮೇಷ್ಟ್ರು ಹೇಗೆ ಮಾತಾಡಬಾರದು ಅಂತ ಮಕ್ಕಳ ಕೈಲೇ ನಾಟಕ ಆಡಿಸಿ ತೋರಿಸಿದ್ರಲ್ಲ! ಎಷ್ಟು ದಿನದ ತಯಾರಿ ಸರ್ ಇದು?"

"ಇಪ್ಪತ್ತು ವರ್ಷದ್ದು ಮೇಡಂ," ಎಂದರು ಸದಾಶಿವಪ್ಪನವರು, ಹೆಮ್ಮೆಯಿಂದ.

"ಇನ್ನು ಯಳಂದೂರಿನವರ ಕ್ಲಾಸ್ ನೋಡೋದೇ ಬೇಡ. ನೀವೇ ಬನ್ನಿ ಸರ್. ನಾಳೆಯಿಂದಲೇ ಶುರು. ಆರ್ಡರ್ ಆಮೇಲೆ ಬರುತ್ತೆ, ಈಗಲೇ ಫೋನ್‌ನಲ್ಲಿ ಹೇಳಿಬಿಡ್ತೀನಿ."

ಸ್ವಾಮಿಯವರು ಗಾಬರಿಯಿಂದ ಎದ್ದು ನಿಂತರು. ಬೇಡ ಎಂದು ಕೈ ಆಡಿಸಿದರು, ತಲೆ ಆಡಿಸಿದರು. ಗಂಟಲಿನಿಂದ ಗಾಳಿ ಬಂತು. ಹಳೆಯ ಕಾಗದದ ತುಂಡೊಂದನ್ನು ಎಳೆದು ದಪ್ಪ ಅಕ್ಷರದಲ್ಲಿ ಬರೆದು ಹಿಡಿದರು: "ಈ ಕೆಲಸ ನನಗೆ ಬೇಡ. ನನಗೆ ಯೋಗ್ಯತೆ ಇಲ್ಲ. ನಾನು ಈ ಮಕ್ಕಳ ಜೊತೆಯೇ ಇರುತ್ತೇನೆ."

ಮೇಡಂ ಅದನ್ನು ಗಟ್ಟಿಯಾಗಿ ಓದಿದರು. ಓದುತ್ತ ಓದುತ್ತ ಅವರ ಕಣ್ಣು ತುಂಬಿತು.

"ನೋಡಿದ್ರಾ ಹೆಡ್‌ಮಾಸ್ಟ್ರೇ? ಬೇಕು ಬೇಕು ಅಂತ ಶಿಫಾರಸು ತರೋವ್ರು ಸಾಲಾಗಿ ನಿಂತಿದ್ದಾರೆ. ಬೇಡ ಅನ್ನೋವ್ರು ಇವರೊಬ್ಬರೇ. ನಮಗೆ ಬೇಕಾಗಿರೋದು ಇಂಥವರೇ!"

"ಅವ್ರು ಯಾವಾಗ್ಲೂ ಹಂಗೇ ಮೇಡಂ, ಸಂಕೋಚ ಜಾಸ್ತಿ," ಎಂದು ಸದಾಶಿವಪ್ಪನವರು ಸ್ವಾಮಿಯವರ ಹೆಗಲು ಒತ್ತಿ ಕೂರಿಸಿದರು. "ಇಲ್ಲಿಯ ಚಿಂತೆ ಬುಡಿ ಸ್ವಾಮಿಗಳೇ. ಇಂಗ್ಲಿಷ್ ತಾನೆ? ನಾನೇ ತಗೋತೀನಿ. ಒಂದು ಹುಳಾನೂ ಸದ್ದು ಮಾಡ್ದಂಗೆ ನೋಡ್ಕೋತೀನಿ."

ಸದಾಶಿವಪ್ಪನವರು ಗಣಿತ ಹೇಳುವುದು ಬಸ್‌ಸ್ಟಾಪಿನವರೆಗೂ ಕೇಳುತ್ತಿತ್ತು.

ಮೇಡಂ ಜೀಪು ಹತ್ತುತ್ತ ನಾಳೆಯ ಕಾರ್ಯಕ್ರಮ ಹೇಳಿದರು. ಯಳಂದೂರಿನಲ್ಲಿ ಎಲ್ಲ ಇಂಗ್ಲಿಷ್ ಮೇಷ್ಟ್ರುಗಳನ್ನೂ ಸೇರಿಸುತ್ತಿದ್ದಾರೆ. ತರಗತಿಯಲ್ಲಿ ಮೇಷ್ಟ್ರು ಕಡಿಮೆ ಮಾತಾಡುವುದು ಹೇಗೆ ಎಂಬುದರ ಬಗ್ಗೆ ಗುರುಪಾದಸ್ವಾಮಿಯವರು ಬೆಳಿಗ್ಗೆಯಿಂದ ಸಂಜೆಯವರೆಗೆ ಮಾತಾಡಬೇಕು.

"ವ್ರತ ಇವತ್ತಿಗೆ ಮುಗಿಯುತ್ತಲ್ವಾ ಸರ್? ಇರಲಿ, ಮೈಕ್ ಕೊಡ್ತೀವಿ," ಎಂದು ನಕ್ಕು ಹೊರಟುಹೋದರು.

ಸಂಜೆ ಶಾಲೆ ಬಿಟ್ಟಾಗ ಸ್ವಾಮಿಯವರು ಚೀಲ ಹಿಡಿದು ಗೇಟಿಗೆ ಬಂದರು. ಮಕ್ಕಳಿಗೆ ಯಾರೂ ಏನೂ ಹೇಳಿರಲಿಲ್ಲ. ಎಲ್ಲರೂ ಓಡಿಹೋದ ಮೇಲೆ ದೀಪ ಒಬ್ಬಳೇ ಗೋಡೆಯ ಪಕ್ಕ ನಿಂತಿದ್ದಳು. ಹತ್ತಿರ ಬಂದು, ನೆಲ ನೋಡುತ್ತ ಕೇಳಿದಳು.

"ಸಾ, ನಾನು ಉತ್ರ ಯೇಳಾದ್‌ಮ್ಯಾಕೆ ನೀವು ಏನಂತೀರಿ ಅಂತ ಗೊತ್ತಾಗ್ನಿಲ್ಲ. ಅದ್ಕೇ ಅಲ್ಲೇ ನಿಂತೋದಿ. ಏನಂತಿದ್ರಿ ಸಾ?"

ಸ್ವಾಮಿಯವರು ಬಾಯಿ ತೆರೆದರು. ದನಿ ಬರಲಿಲ್ಲ. ಬಂದಿದ್ದರೂ ಏನು ಹೇಳಬೇಕೆಂಬುದು ಅವರಿಗೂ ಹೊಸದಾಗಿತ್ತು. ಜೇಬಿನಲ್ಲಿ ಪೆನ್ನಿತ್ತು, ಆದರೆ ಕೈ ಅತ್ತ ಹೋಗಲಿಲ್ಲ. ದೀಪ ತಲೆಯೆತ್ತಿ ಅವರ ಮುಖ ನೋಡುತ್ತ ಕಾದಳು. ಅವಸರವಿಲ್ಲದೆ, ಸಿಟ್ಟಿಲ್ಲದೆ, ಅವರು ಅವಳಿಗಾಗಿ ಯಾವತ್ತೂ ಕಾಯದಷ್ಟು ಹೊತ್ತು ಕಾದಳು. ರಸ್ತೆಯಲ್ಲಿ ಹೂಗ್ಯಂ ಬಸ್ಸು ಹಾರನ್ ಹೊಡೆಯಿತು.

"ಓಗ್ಲಿ ಬುಡಿ ಸಾ," ಎಂದಳು ದೀಪ, ಅವರನ್ನು ಸಮಾಧಾನ ಮಾಡುವಂತೆ. "ನಾಳೆ ಕ್ಲಾಸ್‌ನಲ್ಲಿ ಯೇಳಿ." ಚೀಲವನ್ನು ಹೆಗಲಿಗೇರಿಸಿಕೊಂಡು ಬಸ್ಸಿನ ಕಡೆಗೆ ಓಡಿದಳು.